ಎಂಬತ್ತು ಟನ್ನಿಗೆ ಐದು ಕಿಲೋ

ಮರುಭೂಮಿ ಮಿಡತೆಯೊಂದರ ತೂಕ ಸುಮಾರು 2 ಗ್ರಾಂ. ದಿನಕ್ಕೆ ಅದು ಮೇಯುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದು ಒಂಟಿಯಾಗಿ ಬರುವ ಪ್ರಾಣಿಯಲ್ಲ. ಒಂದು ಚದರ ಕಿಲೋಮೀಟರಿನ ಹಿಂಡಿನಲ್ಲಿ 4 ಕೋಟಿ ಮಿಡತೆಗಳಿದ್ದರೆ ಒಟ್ಟು ತೂಕ 80 ಟನ್, ಅಂದರೆ ಎಂಟು ಲಾರಿ ಲೋಡು. ಆ ಹಿಂಡು ಒಂದೇ ದಿನದಲ್ಲಿ ತಿಂದು ಮುಗಿಸುವುದು 35,000 ಜನರ ದಿನದ ಊಟಕ್ಕೆ ಸಮ.

ಇದರ ಎದುರಾಳಿ ಒಂದು ಬೂಷ್ಟು: ಮೆಟಾರೈಜಿಯಂ ಅಕ್ರಿಡಂ. ಆಫ್ರಿಕಾದ ಮಿಡತೆ ಹಾವಳಿಗೆ ಮದ್ದು ಹುಡುಕಲು 1989ರಲ್ಲಿ ಶುರುವಾದ 'ಲುಬಿಲೋಸಾ' ಯೋಜನೆಯ ವಿಜ್ಞಾನಿಗಳು ಇದರ ಬೀಜಕಗಳನ್ನು ಎಣ್ಣೆಯಲ್ಲಿ ಕಲಸಿ ಒಣ ಹವೆಯಲ್ಲೂ ಕೆಲಸಮಾಡುವಂತೆ ಮಾಡಿದರು. ಹೆಕ್ಟೇರಿಗೆ 50 ಗ್ರಾಂ ಸಾಕು. ಚದರ ಕಿಲೋಮೀಟರಿಗೆ ಲೆಕ್ಕಹಾಕಿದರೆ 5 ಕಿಲೋ. ಮಿಡತೆಗಳ ತೂಕದ 16,000ದಲ್ಲಿ ಒಂದು ಪಾಲು!

ತೂಕ ಬಿಟ್ಟು ತಲೆ ಎಣಿಸಿದರೆ ತಕ್ಕಡಿ ತಿರುಗುತ್ತದೆ. ಒಂದು ಗ್ರಾಂನಲ್ಲಿರುವ ಬೀಜಕಗಳು ಸುಮಾರು 5,000 ಕೋಟಿ. 5 ಕಿಲೋದಲ್ಲಿ ಎರಡೂವರೆ ಕೋಟಿ ಕೋಟಿ. ತಲಾ ಹಂಚಿದರೆ ಪ್ರತಿ ಮಿಡತೆಯ ಪಾಲಿಗೆ 60 ಲಕ್ಷಕ್ಕೂ ಮೇಲೆ. ಬಹುಪಾಲು ಎಲೆಗೂ ಮಣ್ಣಿಗೂ ಬಿದ್ದು ಹಾಳಾಗುತ್ತವೆ, ಆಗಲಿ. ಮೈಗೆ ಅಂಟಿದ ಕೆಲವೇ ಸಾವಿರ ಸಾಕು.

ಅಂಟಿದ ಬೀಜಕ ಬಾಯಿಯ ದಾರಿ ಕಾಯುವುದಿಲ್ಲ. ಮೊಳೆತು, ಪ್ರೋಟೀನು, ಕೊಬ್ಬು, ಕೈಟಿನ್ ಕರಗಿಸುವ ಕಿಣ್ವಗಳನ್ನು ಸುರಿಸಿ, ಒತ್ತಡದಿಂದ ಹೊರಕವಚವನ್ನೇ ಕೊರೆಯುತ್ತದೆ. ಒಳಗೆ ರಕ್ತದಲ್ಲಿ ತುಂಡುತುಂಡಾಗಿ ಹೆಚ್ಚುತ್ತದೆ. ಕಾವಲಿನ ರಕ್ತಕಣಗಳು ಶತ್ರುವನ್ನು ಮುತ್ತಿ ಕಪ್ಪು ಗಂಟು ಕಟ್ಟಲು ನೋಡುತ್ತವೆ. ಆದರೆ ಈ ಕುಲದ ಬೂಷ್ಟುಗಳು ಗುರುತು ಸಿಗದ ಹಾಗೆ ಮೈಗೆ ಮುಸುಕು ಹೊದೆಯಬಲ್ಲವು. ಕೀಟದ ರಕ್ತದ ಸಕ್ಕರೆ ಟ್ರೆಹಲೋಸ್, ಹಾರಾಟದ ಇಂಧನ. ಬೂಷ್ಟು ಅದನ್ನೇ ಉಣ್ಣುತ್ತದೆ. ಮಿಡತೆಗೆ ಹಾರುವ ಕಸುವು ಕುಂದುತ್ತದೆ, ಮೇವು ಬೇಡವಾಗುತ್ತದೆ.

ಮಿಡತೆಯೂ ಸುಮ್ಮನಿರುವುದಿಲ್ಲ. ಅದಕ್ಕೆ ನಮ್ಮಂತೆ ಒಳಗಿನಿಂದ ಜ್ವರ ಬರುವುದಿಲ್ಲ. ಬಿಸಿಲಿಗೆ ಮೈಯೊಡ್ಡಿ ಜ್ವರವನ್ನು ಸಂಪಾದಿಸುತ್ತದೆ. ಮೈಬಿಸಿ 40 ಡಿಗ್ರಿಯ ಆಸುಪಾಸಿಗೇರಿದರೆ ಬೂಷ್ಟಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಆದರೆ ರಾತ್ರಿ ತಂಪಾಗಲೇಬೇಕಲ್ಲ! ಹಗಲು ಮಿಡತೆಯದು, ಇರುಳು ಬೂಷ್ಟಿನದು. ಹೀಗೆ ಎಳೆದಾಡಿ ಸಾವು ಬರಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಹೆಣ ಕೆಂಪಗಾಗುತ್ತದೆ, ತೇವ ಸಿಕ್ಕರೆ ಮೈಮೇಲೆ ಹಸಿರು ಪುಡಿ ಏಳುತ್ತದೆ. ಆ ಪುಡಿಯೆಲ್ಲ ಹೊಸ ಬೀಜಕ.

ಈ ಬೂಷ್ಟು ಮಿಡತೆ ಕುಲವನ್ನು ಬಿಟ್ಟು ಬೇರೆಯವರ ತಂಟೆಗೆ ಹೋಗುವುದಿಲ್ಲ. ಇದರ ದಾಯಾದಿ ಬ್ಯೂವೇರಿಯಾ ಬಾಸಿಯಾನ ಹಾಗಲ್ಲ. ಅದು ಕಾಯಿಕೊರಕವನ್ನೂ ಕೊಲ್ಲುತ್ತದೆ, ನಮ್ಮ ರೇಷ್ಮೆಹುಳುವನ್ನೂ. ಇಟಲಿಯ ಅಗೊಸ್ಟಿನೊ ಬಾಸಿ ಹುಳುಗಳ ಆ ರೋಗಕ್ಕೆ ಕಾರಣ ಒಂದು ಬೂಷ್ಟು ಎಂದು 1835ರಲ್ಲಿ ತೋರಿಸಿಕೊಟ್ಟ. ಬೂಷ್ಟಿಗೆ ಅವನ ಹೆಸರೇ ಉಳಿಯಿತು. ನಮ್ಮಲ್ಲಿ ಅದು ಸುಣ್ಣಕಟ್ಟು ರೋಗ. ಕೀಟನಾಶಕವಾಗಿ ಮಾರುವ ಬ್ಯೂವೇರಿಯಾವನ್ನು ಹಿಪ್ಪುನೇರಳೆ ತೋಟದ ಹತ್ತಿರ ಸಿಂಪಡಿಸಬಾರದೆನ್ನುವುದು ಅದಕ್ಕೇ.

ಕೋಟಿ ಕೋಟಿಯ ಈ ಲೆಕ್ಕ ರೇಷ್ಮೆ ರೈತನಿಗೆ ಬೇಕಿಲ್ಲ. ಅವನದು ಒಂದರಿಂದಲೇ ಶುರು. ಒಂದು ಹುಳು ಸತ್ತು ಸೆಟೆದದ್ದು ಕಂಡರೆ, ಮೈಮೇಲೆ ಬಿಳಿಪುಡಿ ಏಳುವ ಮೊದಲೇ ಆರಿಸಿ ಸುಟ್ಟುಬಿಡುತ್ತಾನೆ.