ಅಳೆಯಲು ಬಂದ ಎಂಜಿನಿಯರ್, ಓದಿಕೊಟ್ಟ ಪಂಡಿತರು

1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲನ್ನು ಮುತ್ತಿದ. ಊರ ಪಕ್ಕದ ಆನೆಕೆರೆಯ ಬಳಿ ಅವನ ದಂಡು ಬೀಡುಬಿಟ್ಟಿತ್ತು. ಕದಂಬ ಕಾಮದೇವನ ದಂಡನಾಯಕ ಸೊಹಣಿ ಎದುರು ನಿಂತು ಕಾದಿ ಮಡಿದ. ಈ ಸಂಗತಿಯನ್ನು ನಮಗೆ ತಿಳಿಸಿದ್ದು ಯಾವ ಆಸ್ಥಾನಕವಿಯೂ ಅಲ್ಲ, ಹಾನಗಲ್ಲಿನದೇ ಒಂದು ವೀರಗಲ್ಲು. ಅಂಥ ಕಲ್ಲುಗಳು ಹಾನಗಲ್ಲು, ಹಿರೇಕೆರೂರು ಸೀಮೆಯ ಊರೂರಿನಲ್ಲೂ ಇವೆ. ಆದರೆ ಇನ್ನೂರು ವರ್ಷಗಳ ಹಿಂದೆ ಅವುಗಳ ಮೇಲಿನ ಅಕ್ಷರವನ್ನು ಓದಬಲ್ಲವರು ತೀರ ಕಡಿಮೆ. ಊರಿನವರು ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದ ಕಲ್ಲು ಚರಿತ್ರೆಯ ದಾಖಲೆ ಆದದ್ದು ಹೇಗೆ? ಆ ಕತೆ ಒಬ್ಬ ಸೇನಾ ಎಂಜಿನಿಯರನಿಂದ ಶುರುವಾಗುತ್ತದೆ.

ಕಾಲಿನ್ ಮೆಕೆಂಝಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೇ ಊರಿನವನು. ಗಣಿತದ ಹುಚ್ಚಿನವನು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ಜೀವನಚರಿತ್ರೆಗೆಂದು ಹಿಂದೂ ಗಣಿತದ ಮಾಹಿತಿ ಹುಡುಕಿಕೊಡುತ್ತಿದ್ದ. 1783ರಲ್ಲಿ ಮದರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದ. ಮೂರು ವರ್ಷಗಳಲ್ಲಿ ಕಾಲ್ದಳದಿಂದ ಎಂಜಿನಿಯರುಗಳ ದಳಕ್ಕೆ ಬಂದ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ನಿಜಾಮನ ಕಡೆಯ ಪಡೆಗೆ ಎಂಜಿನಿಯರ್ ಆಗಿದ್ದ. ಟಿಪ್ಪು ಮಡಿದ ಮೇಲೆ ಮೈಸೂರು ರಾಜ್ಯವನ್ನು ಅಳೆದು ನಕ್ಷೆ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಸುಮಾರು ಹತ್ತು ವರ್ಷ ನಡೆದ ಆ ಸಮೀಕ್ಷೆ 40,000 ಚದರ ಮೈಲಿಯಷ್ಟು ನೆಲವನ್ನು ಒಳಗೊಂಡಿತ್ತು.

ಕಂಪನಿಗೆ ಬೇಕಾಗಿದ್ದುದು ಗಡಿ, ಕೋಟೆ, ದಾರಿ, ಹೊಳೆ, ಕಂದಾಯ. ಮೆಕೆಂಝಿಗೆ ಅಷ್ಟು ಸಾಲಲಿಲ್ಲ. ಈ ಊರನ್ನು ಕಟ್ಟಿದವರು ಯಾರು, ಈ ಮಾನ್ಯದ ಭೂಮಿ ಯಾರು ಬಿಟ್ಟದ್ದು, ಈ ಗುಡಿ ಯಾವ ಕಾಲದ್ದು ಎಂದು ಹೋದಲ್ಲೆಲ್ಲ ಕೇಳಿಸಿದ. ಶ್ಯಾನುಭೋಗರ ಕಡತ, ಮಠದ ಓಲೆಗರಿ, ಹಿರಿಯರ ಬಾಯಿಮಾತು ಎಲ್ಲವನ್ನೂ ಬರೆಸಿಕೊಂಡ. ಅಳೆಯುವುದು ಆಳುವುದರ ಮೊದಲ ಮೆಟ್ಟಿಲು. ಮೆಕೆಂಝಿಯ ಕೆಲಸವೂ ಆಳುವವರಿಗಾಗಿಯೇ ನಡೆಯಿತು, ಇದನ್ನು ಮರೆಯಬಾರದು. ಆದರೂ ಅವನು ಕೇಳಿದ ಪ್ರಶ್ನೆಗಳು ಅವನ ಯಜಮಾನರ ಅಗತ್ಯವನ್ನು ಮೀರಿ ಬೆಳೆದವು.

ಒಂದು ತೊಡಕಿತ್ತು. ಮೆಕೆಂಝಿಗೆ ನಮ್ಮ ನಾಡಿನ ಭಾಷೆಗಳು ಬರುತ್ತಿರಲಿಲ್ಲ. ಹಾಗಾಗಿ ಕಲ್ಲು, ಕಡತಗಳನ್ನು ಓದಿ ತಿಳಿಯುವ ನಿಜವಾದ ಕೆಲಸ ಮಾಡಿದವರು ಬೇರೆ. ಮೊದಲನೆಯವನು ಏಲೂರಿನ ತೆಲುಗು ತರುಣ ಕಾವಲಿ ವೆಂಕಟ ಬೋರಯ್ಯ. ಹಲವು ಭಾಷೆ ಬಲ್ಲವನು, ಯಾರೊಡನೆಯೂ ವಿಶ್ವಾಸದಿಂದ ಮಾತಾಡಿ ವಿಷಯ ಹೊರಡಿಸಬಲ್ಲವನು. ಜೈನ ಗುರುವೊಬ್ಬರಿಂದ ಕೇಳಿ ಅವನು ಅನುವಾದಿಸಿಕೊಟ್ಟ ಜೈನಮತದ ವಿವರ 'ಏಷಿಯಾಟಿಕ್ ರಿಸರ್ಚಸ್' 9ನೇ ಸಂಪುಟದಲ್ಲಿ ಅಚ್ಚಾಯಿತು. ಅಷ್ಟು ಹೊತ್ತಿಗೆ ಅವನು ಬದುಕಿರಲಿಲ್ಲ. 1803ರಲ್ಲಿ, ಮೂವತ್ತೂ ತುಂಬದ ವಯಸ್ಸಿನಲ್ಲಿ ತೀರಿಕೊಂಡಿದ್ದ. ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ ಕೆಲಸ ಮುಂದುವರಿಸಿದರು.

ಎರಡನೆಯವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಹಳಗನ್ನಡ ಶಾಸನಗಳ ಲಿಪಿಯನ್ನು ಬಿಡಿಸುವಲ್ಲಿ ಮೆಕೆಂಝಿಯ ತಂಡಕ್ಕೆ ದಾರಿ ತೋರಿದವನು ಇವನು. ಇದು ನಾವು ಗಮನಿಸಬೇಕಾದ ಮಾತು. ಹಳೆಯ ಅಕ್ಷರದ ಓದು ನಾಡಿನಲ್ಲಿ ಸತ್ತುಹೋಗಿರಲಿಲ್ಲ. ಬಸದಿ, ಮಠಗಳಲ್ಲಿ ಓಲೆಗರಿ ಕಾಯ್ದುಕೊಂಡಿದ್ದ ಕೆಲವರ ಬಳಿ ಉಳಿದಿತ್ತು. ಆ ವಿದ್ಯೆ ಮತ್ತು ಬಯಲಿನಲ್ಲಿ ನಿಂತ ಕಲ್ಲು, ಇವೆರಡೂ ಒಂದನ್ನೊಂದು ಸಂಧಿಸಿದ್ದೇ ಆವಿಷ್ಕಾರ.

1817ರ ಫೆಬ್ರವರಿಯಲ್ಲಿ ಅಲೆಕ್ಸಾಂಡರ್ ಜಾನ್‌ಸ್ಟನ್ ಎಂಬ ಗೆಳೆಯನಿಗೆ ಬರೆದ ಪತ್ರದಲ್ಲಿ ಮೆಕೆಂಝಿ ತನ್ನ ಶೋಧನೆಗಳನ್ನು ಪಟ್ಟಿ ಮಾಡಿದ. ಜೈನಮತ ಬೌದ್ಧಮತಕ್ಕಿಂತ ಬೇರೆ ಎಂಬುದು ಅದರಲ್ಲಿ ಒಂದು. ಶಿಲೆ ಮತ್ತು ತಾಮ್ರದ ಶಾಸನಗಳ ಸ್ವರೂಪ, ಭೂಹಕ್ಕುಗಳನ್ನು ಅರಿಯಲು ಅವುಗಳಿಂದಾಗುವ ಉಪಯೋಗ ಇನ್ನೊಂದು. ವೀರಗಲ್ಲು, ಮಾಸ್ತಿಕಲ್ಲುಗಳ ಉದ್ದೇಶವೇನೆಂಬ ತಿಳಿವಳಿಕೆ ಮತ್ತೊಂದು. ತುರು ಕಾಯ್ದು ಸತ್ತ, ಊರು ಉಳಿಸಲು ಸತ್ತ ಸಾಮಾನ್ಯರಿಗೂ ಈ ನಾಡು ಕಲ್ಲು ನಿಲ್ಲಿಸಿ ಹೆಸರು ಕೆತ್ತಿದೆ ಎಂಬ ಸಂಗತಿ ಹೀಗೆ ಹೊರಗಿನ ವಿದ್ವತ್ ಪ್ರಪಂಚಕ್ಕೆ ತಿಳಿಯಿತು.

ಮೆಕೆಂಝಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರ ಮೇ 8ರಂದು ತೀರಿಕೊಂಡ. ಅವನು ಬಿಟ್ಟುಹೋದದ್ದು 1,568 ಹಸ್ತಪ್ರತಿ, 8,076 ಶಾಸನಗಳ ಪ್ರತಿ, 2,630 ಚಿತ್ರ, 6,218 ನಾಣ್ಯ. ಕಂಪನಿ ಇವನ್ನು ಅವನ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಈಗ ಅವು ಲಂಡನ್ನಿಗೂ ಚೆನ್ನೈಗೂ ಹಂಚಿಹೋಗಿವೆ. ಅವನು ಊರೂರಿನಲ್ಲಿ ಬರೆಸಿಕೊಂಡ ವಿವರಗಳನ್ನು, ಅಂದರೆ ಕೈಫಿಯತ್ತುಗಳನ್ನು, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಮೇಲೆ, 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚುಹಾಕಿ ಕನ್ನಡಿಗರ ಕೈಗೆ ಕೊಟ್ಟಿತು.

ಮೈಸೂರಿನ ಸಮೀಕ್ಷೆ ನಡೆದಾಗ ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿ ಮರಾಠರ ಕೈಯಲ್ಲಿದ್ದವು, ಸವಣೂರಿನಲ್ಲಿ ನವಾಬರಿದ್ದರು. ಮೈಸೂರಿನ ಗಡಿ ಹಿರೇಕೆರೂರಿನ ತೆಂಕಣಕ್ಕೇ ಮುಗಿಯುತ್ತಿತ್ತು, ಹಾಗಾಗಿ ಈ ಊರುಗಳು ಆ ಸಮೀಕ್ಷೆಯ ಹೊರಗುಳಿದವು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಮೇಲೆ ಈ ಸೀಮೆಯ ಕಲ್ಲುಗಳ ಸರದಿ ಬಂತು. 1824ರ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆಯಾಗಿದ್ದ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿ ಧಾರವಾಡ ಸೀಮೆಯ ಸುತ್ತಮುತ್ತ 595 ಶಾಸನಗಳನ್ನು ನಕಲು ಮಾಡಿಸಿದ. ಅವುಗಳ ಬಲದಿಂದ 1837ರಲ್ಲಿ ಚಾಲುಕ್ಯರ ವಂಶಾವಳಿಯನ್ನು ಜೋಡಿಸಿ ಲೇಖನ ಬರೆದ.

ಆಮೇಲೆ ಕ್ಯಾಮೆರಾ ಬಂತು. 1855ರ ಸುಮಾರಿಗೆ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್, ಅವನ ನಂತರ ವೈದ್ಯ ಪಿಗೌ ಈ ಭಾಗದ ಗುಡಿ, ಶಾಸನಗಳ ಚಿತ್ರ ತೆಗೆದರು. ಆ ಚಿತ್ರಗಳೂ ಎಲಿಯಟ್ಟನ ನಕಲುಗಳೂ ಶಾಸನತಜ್ಞ ಜೆ. ಎಫ್. ಫ್ಲೀಟ್ ಕೈಗೆ ಸೇರಿದವು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿದ್ದ 1055ರ ಶಾಸನವನ್ನು ಅವನು ಪ್ರಕಟಿಸಿದ. ಅದರಿಂದ ಕದಂಬ ಹರಿಕೇಸರಿ ಬೆಳಕಿಗೆ ಬಂದ. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವನ ಪುಸ್ತಕ ಹೊರಬಂತು. ಹಿರೇಕೆರೂರು ಸೀಮೆಯ ಅಬ್ಬಲೂರಿನ ಶಾಸನಗಳು 1898-99ರ 'ಎಪಿಗ್ರಾಫಿಯಾ ಇಂಡಿಕಾ' ಸಂಪುಟದಲ್ಲಿ ಬಂದವು. ಶಿವನಿಗೆ ಶಿರಸ್ಸನ್ನು ಕೊಯ್ದೊಪ್ಪಿಸಿ ಮರಳಿ ಪಡೆದನೆಂಬ ಶಿವಭಕ್ತ ಏಕಾಂತದ ರಾಮಯ್ಯನ ಕತೆ ಪುರಾಣದಲ್ಲಷ್ಟೇ ಅಲ್ಲ, ಅಲ್ಲಿನ ಸೋಮೇಶ್ವರ ಗುಡಿಯ ಕಲ್ಲಿನಲ್ಲೂ ಇದೆ ಎಂದು ವಿದ್ವಾಂಸರು ಕಂಡರು.

ನಮ್ಮ ಸೀಮೆಯ ಚರಿತ್ರೆ ಹೇಳುವಾಗ ಎಲಿಯಟ್, ಫ್ಲೀಟ್ ಎಂಬ ಹೆಸರುಗಳು ಸಲೀಸಾಗಿ ಬಾಯಿಗೆ ಬರುತ್ತವೆ. ಬರಲಿ, ಅವರ ಶ್ರಮ ದೊಡ್ಡದು. ಆದರೆ ಕಲ್ಲಿನ ಮುಂದೆ ಕೂತು ಅಕ್ಷರ ಬಿಡಿಸಿದ ಬೋರಯ್ಯ, ಧರ್ಮಯ್ಯರನ್ನು ಅವರಿಗಿಂತ ಮೊದಲು ನೆನೆಯಬೇಕು. ಅವರಿಲ್ಲದಿದ್ದರೆ ಮೆಕೆಂಝಿಗೆ ಸಿಕ್ಕುತ್ತಿದ್ದುದು ಬರಿಯ ಕಲ್ಲಿನ ಲೆಕ್ಕ. ಈ ನಾಲ್ಕು ತಾಲ್ಲೂಕುಗಳ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತ ಕಲ್ಲುಗಳನ್ನು ಉಳಿಸಿಕೊಳ್ಳಲು ಬೇಲಿಯೊಂದೇ ಸಾಲದು. ತಮ್ಮೂರಿನ ಶಾಸನವನ್ನು ತಾವೇ ಓದಬಲ್ಲ ಹುಡುಗ ಹುಡುಗಿಯರು ಇಲ್ಲಿನ ಶಾಲೆ, ಕಾಲೇಜುಗಳಲ್ಲಿ ತಯಾರಾಗಬೇಕು. ಓದು ಗೊತ್ತಿದ್ದವನು ಕಲ್ಲನ್ನು ಕಿತ್ತು ಪಾಯಕ್ಕೆ ಹಾಕುವುದಿಲ್ಲ.