ಸೀರಿಯಲ್ ಊರಿಗೆ ಟೂರ್: ಊರಿನ ಸ್ವಂತ ಕತೆ ಕೇಳೋರ್ಯಾರು?

ಬೇಕಲ ಕೋಟೆ ನೋಡಲು ಬಂದವರಲ್ಲಿ ಕೆಳದಿಯ ಶಿವಪ್ಪ ನಾಯಕನ ಹೆಸರು ಎತ್ತುವವರು ಎಷ್ಟು ಮಂದಿ? 'ಬಾಂಬೆ' ಸಿನಿಮಾದ ಆ ಹಾಡು ಯಾವ ಬುರುಜಿನ ಮೇಲೆ ಶೂಟಿಂಗ್ ಆದದ್ದು ಅಂತ ಕೇಳುವವರಿಗಂತೂ ಬರವಿಲ್ಲ. ಮಣಿರತ್ನಂ ಅವರ ಆ ಸಿನಿಮಾ ಬಂದದ್ದು 1995ರಲ್ಲಿ. ಕೋಟೆ ಕಟ್ಟಿದ್ದು 17ನೇ ಶತಮಾನದಲ್ಲಿ. ಮುನ್ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವನ್ನು ಕೆಲವೇ ನಿಮಿಷಗಳ ಒಂದು ಹಾಡು ಹಿಂದೆ ಹಾಕಿಬಿಟ್ಟಿತು! ಆಗುಂಬೆಯದ್ದೂ ಅದೇ ಪಾಡು. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಚಿತ್ರೀಕರಣವಾದ ದೊಡ್ಡಮನೆಯನ್ನು ಜನ ಇವತ್ತಿಗೂ ಹುಡುಕಿಕೊಂಡು ಬರುತ್ತಾರೆ.

ನಮ್ಮಲ್ಲಿ ಸಣ್ಣದಾಗಿ ನಡೆದ ಈ ಕತೆ ಯುರೋಪಿನ ಕೆಲವು ಊರುಗಳಲ್ಲಿ ಭಾರೀ ಪ್ರಮಾಣದಲ್ಲಿ ನಡೆದಿದೆ. ಅದಕ್ಕೆ ಕಾರಣ 'ಗೇಮ್ ಆಫ್ ಥ್ರೋನ್ಸ್' ಎಂಬ ಸೀರಿಯಲ್. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಕಾದಂಬರಿಗಳನ್ನು ಆಧರಿಸಿದ ಇದು 2011ರಿಂದ 2019ರವರೆಗೆ ಎಂಟು ಸೀಸನ್, 73 ಕಂತುಗಳಲ್ಲಿ ಬಂತು. ರಾಜರು, ಸಿಂಹಾಸನ, ಬೆಂಕಿ ಉಗುಳುವ ಡ್ರ್ಯಾಗನ್ನು... ಎಲ್ಲವೂ ಕಲ್ಪನೆಯೇ. ಆದರೆ ಕಾಡು, ಕೋಟೆ, ಬಂದರು ಮಾತ್ರ ನಿಜದವು. ಸೀರಿಯಲ್ ಮುಗಿದು ವರ್ಷಗಳೇ ಆದರೂ ಅವನ್ನು ನೋಡಲು ಹೋಗುವವರು ಕಡಿಮೆಯಾಗಿಲ್ಲ.

ಕೆಲಸಕ್ಕೋ ಓದಿಗೋ ಇಂಗ್ಲೆಂಡ್, ಐರ್ಲೆಂಡ್ ಸೇರಿದ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡಾಗ "ಬನ್ನಿ, ಒಂದು ಜಾಗ ತೋರಿಸ್ತೀವಿ" ಎಂದು ಹೊರಡಿಸುವುದು ಇಂಥ ಕಡೆಗೇ. ಹಾಗೆ ಹೋಗುವವರಿಗೆ ಈ ಊರುಗಳ ಸ್ವಂತ ಕತೆಯೂ ಒಂದಿಷ್ಟು ಗೊತ್ತಿದ್ದರೆ ಒಳ್ಳೆಯದಲ್ಲವೇ?

ಹಡಗು ಕಟ್ಟಿದ ಜಾಗದಲ್ಲಿ ಸಿಂಹಾಸನ

ಸೀರಿಯಲ್‌ನ ಮುಖ್ಯ ಸ್ಟುಡಿಯೋ ಇದ್ದದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಹಡಗಿನ ಭಾಗಗಳಿಗೆ ಬಣ್ಣ ಬಳಿಯಲು ಕಟ್ಟಿದ್ದ ದೊಡ್ಡ ಶೆಡ್ಡಿನ ಒಳಗೇ ಅರಮನೆಗಳ ಸೆಟ್ ಎದ್ದವು. 1911ರಲ್ಲಿ ಟೈಟಾನಿಕ್ ಹಡಗನ್ನು ನೀರಿಗಿಳಿಸಿದ ಹಡಗುಕಟ್ಟೆಯ ಪ್ರದೇಶವೇ ಇದು.

ಇಷ್ಟಕ್ಕೂ ಬೆಲ್‌ಫಾಸ್ಟ್ ಅಂದರೆ ಒಂದು ಕಾಲದಲ್ಲಿ ಜನಕ್ಕೆ ನೆನಪಾಗುತ್ತಿದ್ದದ್ದು ಬಾಂಬು, ಬಂದೂಕು. ಮೂರು ದಶಕಗಳ ಆ ಗಲಭೆಯಲ್ಲಿ ಸತ್ತವರು 3,500ಕ್ಕೂ ಹೆಚ್ಚು. 1998ರ ಶಾಂತಿ ಒಪ್ಪಂದದ ನಂತರ ಊರು ನಿಧಾನಕ್ಕೆ ಉಸಿರಾಡತೊಡಗಿತು. ಟೂರಿಸ್ಟ್ ಬಸ್ಸುಗಳು ಬರತೊಡಗಿದ್ದೇ ಅಲ್ಲಿನವರಿಗೆ ದೊಡ್ಡ ಸಂಗತಿ. ಆದ್ದರಿಂದ ಸೀರಿಯಲ್ ಬರೀ ಗದ್ದಲ ತಂದಿತು ಅಂತ ಹೇಳಿದರೆ ಅನ್ಯಾಯ. ಅದು ಕೆಲಸವನ್ನೂ ತಂದಿತು. ಬಡಗಿಗಳು, ದರ್ಜಿಗಳು, ಕಮ್ಮಾರರು, ಡ್ರೈವರುಗಳಿಗೆ ವರ್ಷಗಟ್ಟಲೆ ಸಂಬಳ ಸಿಕ್ಕಿತು.

ಬ್ಯಾನ್‌ಬ್ರಿಜ್ ಎಂಬಲ್ಲಿ ಹಿಂದೆ ಲಿನನ್ ಬಟ್ಟೆಯ ಗಿರಣಿ ಇತ್ತು. ಮಿಲ್ಲು ನಿಂತ ಮೇಲೆ ಊರು ಏನಾಗುತ್ತದೆ ಅಂತ ಸೊಲ್ಲಾಪುರದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಜಾಗ ಸ್ಟುಡಿಯೋ ಆಯಿತು. 2022ರ ಫೆಬ್ರವರಿಯಲ್ಲಿ ಅಲ್ಲೇ ಸೀರಿಯಲ್‌ನ ಉಡುಪು, ಆಯುಧ, ಸೆಟ್‌ಗಳ ದೊಡ್ಡ ಪ್ರದರ್ಶನ ತೆರೆಯಿತು.

ಹೊರಾಂಗಣದ ಜಾಗಗಳೂ ಹತ್ತಿರ ಹತ್ತಿರವೇ ಇವೆ. ಮೊದಲ ಕಂತಿನ ಹಿಮದ ಕಾಡು ಟಾಲಿಮೋರ್ ಅರಣ್ಯದ್ದು. ಕ್ಯಾಸಲ್ ವಾರ್ಡ್ ಎಂಬ ಹಳೆಯ ಜಮೀನ್ದಾರಿ ಮನೆಯ ಅಂಗಳ 'ವಿಂಟರ್‌ಫೆಲ್' ಆಯಿತು. ಈಗ ಅಲ್ಲಿ ಹೋದವರು ತುಪ್ಪಟದ ನಿಲುವಂಗಿ ತೊಟ್ಟು ಬಿಲ್ಲು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಬ್ಯಾಲಿನ್‌ಟಾಯ್ ಎಂಬ ಪುಟ್ಟ ಬಂದರು 'ಐರನ್ ಐಲ್ಯಾಂಡ್ಸ್' ಆಯಿತು. ಅದೇ ಕರಾವಳಿಯಲ್ಲಿ ಜಯಂಟ್ಸ್ ಕಾಸ್‌ವೇ ಎಂಬ ಕಲ್ಲುಕಂಬಗಳ ದಂಡೆಯಿದೆ. ಅದು ಸೀರಿಯಲ್‌ನಲ್ಲಿ ಇಲ್ಲ, ಆದರೂ ಬಿಡಬೇಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ "ಅರೆ, ಇದು ನಮ್ಮದೇ!" ಅನ್ನಿಸುತ್ತದೆ. ಎರಡೂ ಕಡೆ ಲಾವಾರಸ ತಣಿದು ಕಂಬಗಳಾಗಿ ಸೀಳಿದ್ದು.

ಕೆಲವು ಸೆಕೆಂಡು, ಇನ್ನೂರೈವತ್ತು ವರ್ಷ

ಅತಿ ಹೆಚ್ಚು ಜನ ಹೋಗುವ ಜಾಗವೊಂದು 'ಡಾರ್ಕ್ ಹೆಡ್ಜಸ್'. ಆಂಟ್ರಿಮ್ ಕೌಂಟಿಯ ಒಂದು ಹಳ್ಳಿರಸ್ತೆ. ಎರಡೂ ಬದಿಯ ಮರಗಳು ಮೇಲೆ ಕೊಂಬೆ ಹೆಣೆದುಕೊಂಡು ಗುಹೆಯಂತೆ ನಿಂತಿವೆ. ಇವು ಬೀಚ್ ಎಂಬ ಜಾತಿಯ ಮರಗಳು. ಕಡಲ ಬೀಚಿಗೂ ಇದಕ್ಕೂ ಸಂಬಂಧವಿಲ್ಲ. 1775ರ ಸುಮಾರಿಗೆ ಸ್ಟುವರ್ಟ್ ಎಂಬ ಮನೆತನದವರು ತಮ್ಮ ಗ್ರೇಸ್‌ಹಿಲ್ ಮನೆಗೆ ಬರುವ ದಾರಿ ಚೆಂದ ಕಾಣಲಿ ಎಂದು ನೆಟ್ಟದ್ದು. ಸಂಜೆ ಹೊತ್ತು ಬೂದುಬಣ್ಣದ ಸೀರೆಯಂಥ ಉಡುಪಿನ ಹೆಂಗಸೊಬ್ಬಳು ಮರದಿಂದ ಮರಕ್ಕೆ ಸುಳಿದು ಕಡೆಯ ಮರದ ಹತ್ತಿರ ಮಾಯವಾಗುತ್ತಾಳೆಂದು ಊರವರ ಮಾತು. ನಮ್ಮ ಊರ ಹುಣಸೆಮರದ ಕತೆಗಳ ಹಾಗೇ!

ಸೀರಿಯಲ್‌ನಲ್ಲಿ ಈ ರಸ್ತೆ ಬಂದದ್ದು ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ. ಆರ್ಯಾ ಎಂಬ ಹುಡುಗಿ ಗಂಡುವೇಷದಲ್ಲಿ ರಾಜಧಾನಿಯಿಂದ ತಪ್ಪಿಸಿಕೊಂಡು ಗಾಡಿಯಲ್ಲಿ ಹೋಗುವ ದೃಶ್ಯ. ಅದಿರುವುದು ಕೆಲವೇ ಸೆಕೆಂಡು. ಅಷ್ಟಕ್ಕೇ ಜಗತ್ತು ಈ ರಸ್ತೆಗೆ ಬಂದು ಬಿತ್ತು. ಕಾರು, ಬಸ್ಸುಗಳು ಮರದ ಬುಡದ ಮೇಲೇ ನಿಲ್ಲತೊಡಗಿದವು. ಬೇರಿನ ಮೇಲೆ ಮಣ್ಣು ಗಟ್ಟಿಯಾಯಿತು. ಕಾಂಡದ ಮೇಲೆ ಹೆಸರು ಕೆತ್ತುವವರೂ ಹುಟ್ಟಿಕೊಂಡರು. ಕಡೆಗೆ 2017ರ ಅಕ್ಟೋಬರ್ ಕೊನೆಯಿಂದ ಆ ರಸ್ತೆಯಲ್ಲಿ ವಾಹನ ನಿಷೇಧಿಸಲಾಯಿತು.

ಮರಗಳಿಗೆ ವಯಸ್ಸೂ ಆಗಿದೆ ಎನ್ನುವುದು ನಿಜ. ಈ ಜಾತಿಯ ಮರ ಸಾಮಾನ್ಯವಾಗಿ 150ರಿಂದ 200 ವರ್ಷ ಬಾಳುತ್ತದೆ. ಇವು ಇನ್ನೂರೈವತ್ತರ ಹತ್ತಿರ ಬಂದಿವೆ. ಹಿಂದೆ ಸುಮಾರು 150 ಮರಗಳಿದ್ದ ಸಾಲಿನಲ್ಲಿ ಈಗ ಉಳಿದಿರುವುದು ಅರ್ಧದಷ್ಟು. 2016ರ ಜನವರಿಯ ಬಿರುಗಾಳಿಗೆ ಎರಡು ಮರ ಬಿದ್ದವು. ಆ ದಿಮ್ಮಿಗಳಿಂದ ಹತ್ತು ಬಾಗಿಲು ಮಾಡಿಸಿ, ಸೀರಿಯಲ್‌ನ ದೃಶ್ಯ ಕೆತ್ತಿಸಿ, ಉತ್ತರ ಐರ್ಲೆಂಡಿನ ಹತ್ತು ಕಡೆ ಪಬ್ಬು, ಹೋಟೆಲುಗಳಿಗೆ ಕೊಟ್ಟರು. 2023ರಲ್ಲಿ ಅಪಾಯವಾಗಿದ್ದ ಆರು ಮರಗಳನ್ನು ಕಡಿಯಲು ತೀರ್ಮಾನವಾಯಿತು. 2025ರ ಜನವರಿಯ ಬಿರುಗಾಳಿ ಇನ್ನೂ ಕೆಲವನ್ನು ಉರುಳಿಸಿತು. ನೋಡಬೇಕು ಅಂತಿರುವವರು ತಡ ಮಾಡಿದರೆ ಮರಗಳು ಕಾಯುವುದಿಲ್ಲ.

ಮಾಲ್ಟಾ ದೇಶದ ಗೋಝೋ ದ್ವೀಪದಲ್ಲಿ ಆದದ್ದೂ ಅದೇ. ಮೊದಲ ಸೀಸನ್ನಿನ ಮದುವೆ ದೃಶ್ಯದಲ್ಲಿ ಹಿಂದೆ ಕಾಣುವ, ಕಡಲೊಳಗೆ ಕಮಾನಿನಂತೆ ನಿಂತಿದ್ದ 'ಅಜ್ಯೂರ್ ವಿಂಡೋ' ಬಂಡೆ 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು. ಈಗ ಅದನ್ನು ನೋಡಬೇಕಾದರೆ ಸೀರಿಯಲ್ಲೋ ಹಳೆಯ ಫೋಟೋವೋ ಗತಿ.

ಕಿಂಗ್ಸ್ ಲ್ಯಾಂಡಿಂಗ್ ಅಲ್ಲ, ಡುಬ್ರೊವ್ನಿಕ್

ಸೀರಿಯಲ್‌ನ ರಾಜಧಾನಿ 'ಕಿಂಗ್ಸ್ ಲ್ಯಾಂಡಿಂಗ್' ಮೊದಲ ಸೀಸನ್ನಿನಲ್ಲಿ ಮಾಲ್ಟಾದಲ್ಲಿತ್ತು. ಎರಡನೆಯದರಿಂದ ಅದು ಕ್ರೊಯೇಷಿಯಾ ದೇಶದ ಡುಬ್ರೊವ್ನಿಕ್ ನಗರಕ್ಕೆ ಬಂತು. ಕಡಲ ಮೇಲೆ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಕೋಟೆಗೋಡೆ, ಒಳಗೆ ಕೆಂಪು ಹೆಂಚಿನ ಮನೆಗಳು. ರಾಣಿ ಸೆರ್ಸಿ ತಲೆ ಬೋಳಿಸಿಕೊಂಡು ಜನರ ನಡುವೆ ನಡೆಯುವ ದೃಶ್ಯ ನೆನಪಿದೆಯಲ್ಲ? ಅದು ಶುರುವಾಗುವುದು ಅಲ್ಲಿನ ಜೆಸ್ಯೂಟ್ ಚರ್ಚಿನ ಮೆಟ್ಟಿಲಿನ ಮೇಲೆ. ದಿನವಿಡೀ ಆ ಮೆಟ್ಟಿಲ ಮೇಲೆ ಯಾರಾದರೊಬ್ಬರು ಫೋಟೋಕ್ಕೆ ನಿಂತೇ ಇರುತ್ತಾರೆ.

ಆದರೆ ಈ ಊರಿನ ಅಸಲಿ ಕತೆ ಸೀರಿಯಲ್‌ಗಿಂತ ಒಂದು ಕೈ ಮೇಲು. ಹಿಂದೆ ಇದರ ಹೆಸರು ರಗೂಸಾ. ರಾಜನೇ ಇಲ್ಲದ ವರ್ತಕರ ಗಣರಾಜ್ಯ. ಮುಖ್ಯಸ್ಥನಿಗೆ ಅಧಿಕಾರ ಒಂದೇ ತಿಂಗಳು! ಸೀರಿಯಲ್‌ನಲ್ಲಿ ರಾಜನ 'ರೆಡ್ ಕೀಪ್' ಆಗಿ ಕಾಣುವ ಲೋವ್ರಿಯೆನಾಟ್ಸ್ ಕೋಟೆಯನ್ನೇ ನೋಡಿ. ಕಡಲ ಕಡೆಯ ಗೋಡೆ 12 ಮೀಟರ್ ದಪ್ಪ. ಊರ ಕಡೆಯದು ಬರೀ 60 ಸೆಂಟಿಮೀಟರ್. ಕೋಟೆಯ ದಳಪತಿ ಊರಿನ ಮೇಲೇ ತಿರುಗಿಬಿದ್ದರೆ ಹೊಡೆದುರುಳಿಸಲು ಸುಲಭವಾಗಲಿ ಅಂತ. ಜಗತ್ತಿನ ಚಿನ್ನವೆಲ್ಲ ಕೊಟ್ಟರೂ ಸ್ವಾತಂತ್ರ್ಯ ಮಾರುವುದಲ್ಲ ಎಂಬ ಅರ್ಥದ ಲ್ಯಾಟಿನ್ ಬರಹ ಅದರ ಬಾಗಿಲ ಮೇಲಿದೆ. ಸಿಂಹಾಸನಕ್ಕಾಗಿ ಕಚ್ಚಾಡುವವರ ಕತೆಯನ್ನು ಶೂಟಿಂಗ್ ಮಾಡಿದ್ದು ರಾಜನೇ ಬೇಡವೆಂದ ಊರಿನಲ್ಲಿ!

ಇನ್ನೊಂದು ವಿಷಯ. ಪ್ಲೇಗ್ ಬಂದ ಊರುಗಳಿಂದ ಬರುವವರನ್ನು 30 ದಿನ ಹೊರಗೇ ಇರಿಸಬೇಕೆಂದು 1377ರಲ್ಲಿ ಕಾನೂನು ಮಾಡಿದ್ದು ಈ ರಗೂಸಾ. ಕ್ವಾರಂಟೈನ್ ಪದ್ಧತಿಯ ಮೂಲಗಳಲ್ಲಿ ಅದು ಒಂದು. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದನ್ನು ಕಂಡ ನಮಗೆ ಆ ಮಾತಿನ ಅರ್ಥ ಚೆನ್ನಾಗಿಯೇ ಗೊತ್ತು.

ಗೋವಾದ ಓದುಗರಿಗೆ ಇನ್ನೂ ಹತ್ತಿರದ ನಂಟಿದೆ. ಹಳೆ ಗೋವಾದ ಪಕ್ಕದ ಗಾಂಡಾವ್ಲಿಯಲ್ಲಿ ಸಾವ್ ಬ್ರಾಸ್ ಹೆಸರಿನ ಚರ್ಚ್ ಇದೆ. ಆ ಸಂತ ಡುಬ್ರೊವ್ನಿಕ್ ನಗರದ ರಕ್ಷಕ. 16ನೇ ಶತಮಾನದಲ್ಲಿ ರಗೂಸಾದ ವರ್ತಕರು ಇಲ್ಲಿಗೆ ಬಂದು ಕಟ್ಟಿಸಿದ್ದು ಎಂಬ ಹೇಳಿಕೆ ಇದೆ. ವೀಸಾ ಇಲ್ಲದೆ, ಬಸ್ ಚಾರ್ಜಿನಲ್ಲಿ ನೋಡಿಬರಬಹುದಾದ ನಂಟು ಇದೊಂದೇ!

ಡುಬ್ರೊವ್ನಿಕ್ ಯುದ್ಧವನ್ನೂ ಕಂಡಿದೆ. 1991ರಲ್ಲಿ ಯುಗೊಸ್ಲಾವ್ ಸೈನ್ಯ ಊರನ್ನು ಮುತ್ತಿತು. ಡಿಸೆಂಬರ್ 6ರಂದು ಹಳೆಪೇಟೆಯ ಮೇಲೆ ಶೆಲ್ಲುಗಳ ಮಳೆಯೇ ಸುರಿಯಿತು. ಗೋಡೆ ಮೇಲೆ ನಿಂತು ನೋಡಿದರೆ ಹಳೆಯ ಮಸುಕು ಹೆಂಚು, ಹೊಸ ಕಡುಗೆಂಪು ಹೆಂಚು ಬೇರೆ ಬೇರೆ ಕಾಣುತ್ತವೆ. ಹೊಸವು ಬಹುಪಾಲು ಯುದ್ಧದ ನಂತರ ಹೊದಿಸಿದ್ದು. ಡ್ರ್ಯಾಗನ್ ಸುಟ್ಟ ಊರು ಎಂದು ಫೋಟೋ ತೆಗೆಯುವವರಿಗೆ, ನಿಜಕ್ಕೂ ಬೆಂಕಿ ಬಿದ್ದ ಊರು ಇದು ಅಂತ ಯಾರು ಹೇಳಬೇಕು?

ಯುದ್ಧಕ್ಕೆ ಮುಂಚೆ ಹಳೆಪೇಟೆಯಲ್ಲಿ ಸುಮಾರು 5,000 ಜನ ವಾಸವಿದ್ದರು. ಈಗಿನ ಲೆಕ್ಕ ಸುಮಾರು 1,500. ಮನೆಗಳು ಟೂರಿಸ್ಟ್ ರೂಮುಗಳಾದವು. ದಿನಸಿ ಅಂಗಡಿಯ ಜಾಗದಲ್ಲಿ ಸೀರಿಯಲ್ ಬೊಂಬೆಯ ಅಂಗಡಿ ಬಂದರೆ ನಿತ್ಯ ಬದುಕುವವರಿಗೆ ಅಲ್ಲೇನು ಕೆಲಸ? ಎಲ್ಲ ತಪ್ಪೂ ಸೀರಿಯಲ್‌ನದಲ್ಲ. ಭಾರೀ ಪ್ರವಾಸಿ ಹಡಗುಗಳ ಪಾಲೂ ದೊಡ್ಡದಿದೆ. ನಗರಾಡಳಿತ ಕಡೆಗೂ ಎಚ್ಚೆತ್ತು, ಒಂದೇ ಹೊತ್ತಿಗೆ ಎರಡಕ್ಕಿಂತ ಹೆಚ್ಚು ಹಡಗು ಬೇಡವೆಂದು ಮಿತಿ ಹಾಕಿತು.

ಊರಿನವರು ಮನೆ ಬಿಟ್ಟ ಮೇಲೆ ಊರೇ ಒಂದು ಸೆಟ್ ಆಗಿಬಿಡುತ್ತದೆ. ನೋಡುವವರು ಕೊಟ್ಟ ಹೆಸರೇ ಕಡೆಗೆ ಉಳಿಯುವುದೂ ಉಂಟು. ಹೆಸರು ಹೋದರೆ ಏನು ಹೋಗುತ್ತದೆ ಅಂತ ಗಡಿಭಾಗದ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಹೊರಡುವವರಿಗೆ ಒಂದಿಷ್ಟು

* ಬೆಲ್‌ಫಾಸ್ಟ್ ಬ್ರಿಟನ್ನಿಗೆ ಸೇರಿದ್ದು, ಡಬ್ಲಿನ್ ಬೇರೆಯೇ ದೇಶ. ನಡುವಿನ ಗಡಿಯಲ್ಲಿ ಗೇಟೂ ಇಲ್ಲ, ಚೆಕ್‌ಪೋಸ್ಟೂ ಇಲ್ಲ. ಆದರೆ ವೀಸಾ ನಿಯಮ ಬೇರೆ ಬೇರೆ. ಭಾರತೀಯರಿಗೆ ಕೆಲವು ಬಗೆಯ ವೀಸಾದಲ್ಲಿ ಎರಡೂ ಕಡೆ ಓಡಾಡುವ ಅನುಕೂಲವಿದೆ. ಅರ್ಜಿ ಹಾಕುವಾಗಲೇ ವಿಚಾರಿಸಿ.

* ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಕೂಟ ಸೇರಿದೆ, ಅಲ್ಲೀಗ ಯೂರೋ ನಡೆಯುತ್ತದೆ.

* ಜುಲೈ, ಆಗಸ್ಟ್‌ನಲ್ಲಿ ಡುಬ್ರೊವ್ನಿಕ್ ಎಂದರೆ ಜಾತ್ರೆ, ಮೇಲಿಂದ ಬಿಸಿಲು. ಹಿರಿಯರನ್ನು ಕರೆದೊಯ್ಯುವವರು ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ. ಮೆಟ್ಟಿಲು ಬಹಳ, ಗೋಡೆ ಹತ್ತುವುದು ಬೆಳಗ್ಗೆ ಬೇಗ ಮುಗಿಸಿ.

* ಡಾರ್ಕ್ ಹೆಡ್ಜಸ್‌ಗೆ ಕಾರು ದೂರದಲ್ಲೇ ನಿಲ್ಲಿಸಿ ನಡೆದು ಹೋಗಿ. ಬೇರು ತುಳಿಯಬೇಡಿ. ಗಾಳಿ ಜೋರಿದ್ದರೆ ಮರದಡಿ ನಿಲ್ಲಬೇಡಿ.

* ಸೀರಿಯಲ್ ಗೈಡ್ ಜತೆ ಒಂದು ಸುತ್ತು ಹಾಕಿದರೆ, ಊರಿನ ಇತಿಹಾಸ ಹೇಳುವವರ ಜತೆ ಇನ್ನೊಂದು ಸುತ್ತು ಹಾಕಿ. ಕಡೇಪಕ್ಷ ಚಹಾ ಕೊಟ್ಟವರನ್ನಾದರೂ ಕೇಳಿ: "ಶೂಟಿಂಗಿಗೆ ಮುಂಚೆ ಇಲ್ಲಿ ಏನಿತ್ತು?"