ಕಾಯಕದ ಸ್ಥಳದಲ್ಲಿ ಡಿಫಿಬ್ರಿಲೇಟರ್: ಸದಾ ಸಿದ್ಧವಾಗಿಡುವುದು ಹೇಗೆ?

ಆಯುರ್ವೇದವು ಮಾನವ ಶರೀರದಲ್ಲಿ 107 ಮರ್ಮಗಳನ್ನು ಗುರುತಿಸಿದೆ. ಅವುಗಳಲ್ಲಿ ಹೃದಯವನ್ನು ಸುಶ್ರುತಾಚಾರ್ಯರು ಸದ್ಯಃಪ್ರಾಣಹರ ಮರ್ಮಗಳ ಸಾಲಿಗೆ ಸೇರಿಸಿದ್ದಾರೆ. ಅದಕ್ಕೆ ಆಘಾತವಾದರೆ ಪ್ರಾಣ ಬೇಗನೆ ಹೋಗುವುದೆಂದು ಅದರ ಅರ್ಥ. ಹೃದಯದ ತೊಂದರೆ ಇರುವವರಿಗೆ ಅರ್ಜುನ ತೊಗಟೆಯ ಕ್ಷೀರಪಾಕವನ್ನು ನಾನು ಮೂವತ್ತೈದು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆದರೆ ಹೃದಯದ ಬಡಿತ ಹಠಾತ್ತನೆ ನಿಂತು ಮನುಷ್ಯನು ನೆಲಕ್ಕೆ ಉರುಳಿದ ಗಳಿಗೆಯಲ್ಲಿ ಯಾವ ಕಷಾಯವೂ ಯಾವ ಭಸ್ಮವೂ ಕೆಲಸಕ್ಕೆ ಬಾರದು. ಇದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಆಗ ಬೇಕಾದದ್ದು ಎದೆಯನ್ನು ಒತ್ತುವ ಎರಡು ಕೈಗಳು ಮತ್ತು ಡಿಫಿಬ್ರಿಲೇಟರ್ ಎಂಬ ವಿದ್ಯುತ್ ಯಂತ್ರ.

ಮೂರು ವರ್ಷಗಳ ಹಿಂದೆ, ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ, ನಮ್ಮ ಭಾಗದ ಒಂದು ಹತ್ತಿ ಗಿರಣಿಯಿಂದ ಹುಡುಗನೊಬ್ಬ ನನ್ನ ದವಾಖಾನೆಗೆ ಓಡಿ ಬಂದನು. ಅಂಡಿಗೆ ಹೊರುತ್ತಿದ್ದ ಐವತ್ತರ ಆಸುಪಾಸಿನ ಹಮಾಲರೊಬ್ಬರು ಕುಸಿದು ಬಿದ್ದಿದ್ದರು. ಗಿರಣಿ ಹತ್ತಿರವೇ ಇದ್ದುದರಿಂದ ಬೇಗ ತಲುಪಿದೆ. ಉಸಿರಿಲ್ಲ, ನಾಡಿಯಿಲ್ಲ. ಎದೆ ಒತ್ತಲು ಆರಂಭಿಸಿ, ಆ ಗಿರಣಿಗೆ ದಾನವಾಗಿ ಬಂದಿದ್ದ ಯಂತ್ರವನ್ನು ತರಲು ಕೂಗಿದೆ. ಅದರ ಉದ್ಘಾಟನೆಗೆ ನಾನೂ ಹೋಗಿ ಹಾರ ಹಾಕಿಸಿಕೊಂಡು ಬಂದಿದ್ದೆ. ಗುಮಾಸ್ತರು, “ಸಾಹೇಬ್ರ, ಕಪಾಟಿನ ಕೀಲಿ ಮ್ಯಾನೇಜರ್ ಹತ್ರ ಐತ್ರಿ, ಅವರು ಹುಬ್ಬಳ್ಳಿಗೆ ಹೋಗ್ಯಾರ” ಎಂದರು. ಕಬ್ಬಿಣದ ಸಲಾಕೆಯಿಂದ ಕಪಾಟನ್ನು ಮೀಟಿ ಯಂತ್ರ ತಂದರು. ಗುಂಡಿ ಒತ್ತಿದರೆ ಬ್ಯಾಟರಿ ಬದಲಿಸಿರೆಂದು ಒಮ್ಮೆ ನುಡಿದು ಅದು ಸುಮ್ಮನಾಯಿತು. ಪ್ಯಾಡ್‌ಗಳ ಅವಧಿಯೂ ಎಂದೋ ಮುಗಿದು ಅಂಟು ಒಣಗಿತ್ತು. ಆ್ಯಂಬುಲೆನ್ಸ್ ಬರುವವರೆಗೆ ನಾನೂ ಇಬ್ಬರು ಕೂಲಿಕಾರರೂ ಸರದಿಯ ಮೇಲೆ ಎದೆ ಒತ್ತಿದೆವು. ಆ ಹಮಾಲರು ಉಳಿಯಲಿಲ್ಲ.

ಯಂತ್ರ ಸರಿಯಿದ್ದರೆ ಅವರು ಬದುಕುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಆ ಅವಕಾಶವನ್ನು ನಾವು ಅವರಿಗೆ ಕೊಡಲಿಲ್ಲ. ಆಮೇಲೆ ತಿಳಿದ ಸಂಗತಿಯೆಂದರೆ, ಯಂತ್ರವು ವಾರಗಟ್ಟಲೆ ‘ಪೀಂ ಪೀಂ’ ಎಂದು ಎಚ್ಚರಿಸುತ್ತಲೇ ಇತ್ತಂತೆ. ಆ ಸದ್ದಿನಿಂದ ಲೆಕ್ಕಪತ್ರಕ್ಕೆ ತೊಂದರೆಯಾಗುತ್ತದೆಂದು ಅದನ್ನು ಕಪಾಟಿನೊಳಗೆ ಇಟ್ಟು ಕೀಲಿ ಹಾಕಿದ್ದರು.

ಹೃದಯಾಘಾತ ಮತ್ತು ಹೃದಯಸ್ತಂಭನ ಒಂದೇ ಅಲ್ಲ. ರಕ್ತನಾಳ ಕಟ್ಟಿಕೊಂಡು ಎದೆ ನೋಯುವುದು ಹೃದಯಾಘಾತ. ರೋಗಿಯು ಆಗ ಮಾತನಾಡುತ್ತಿರುತ್ತಾನೆ. ಅಂಥವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ತಂದಿದೆ. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿರಲಿಲ್ಲ. ಹೃದಯಸ್ತಂಭನವು ಬೇರೆ. ಅದರಲ್ಲಿ ಅನೇಕ ವೇಳೆ ಹೃದಯವು ಪೂರ್ತಿ ನಿಂತಿರುವುದಿಲ್ಲ. ತಾಳ ತಪ್ಪಿ ಬರಿದೆ ಅದುರುತ್ತಿರುತ್ತದೆ, ರಕ್ತ ಮುಂದಕ್ಕೆ ಹರಿಯದು. ಆ ಅದುರಾಟವನ್ನು ವಿದ್ಯುತ್ತಿನ ಒಂದು ಹೊಡೆತದಿಂದ ನಿಲ್ಲಿಸಿದರೆ ಹೃದಯವು ತನ್ನ ಲಯಕ್ಕೆ ಮರಳಬಹುದು. ಎದೆಯನ್ನೂ ಒತ್ತದೆ ಕಾಯುತ್ತ ಹೋದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ರೋಣದಿಂದ ಗದಗಕ್ಕೆ ಸುಮಾರು 40 ಕಿಲೋಮೀಟರ್. ನರಗುಂದ, ಗಜೇಂದ್ರಗಡಗಳಿಂದ ಇನ್ನೂ ದೂರ. ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು.

1965ರಲ್ಲಿ ಬೆಲ್‌ಫಾಸ್ಟ್ ನಗರದ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ ಅವರು ಈ ಯಂತ್ರವನ್ನು ಮೊದಲ ಬಾರಿಗೆ ಆ್ಯಂಬುಲೆನ್ಸಿಗೆ ಏರಿಸಿದಾಗ ಅದರ ತೂಕ 70 ಕಿಲೋ. ಕಾರಿನ ಬ್ಯಾಟರಿಗಳಿಂದ ಅದು ನಡೆಯುತ್ತಿತ್ತು. ಈಗಿನದು ಒಂದು ಕೈಯಲ್ಲಿ ಹಿಡಿಯುವಷ್ಟು ಹಗುರ. ಏನು ಮಾಡಬೇಕೆಂದು ತಾನೇ ಮಾತನಾಡಿ ತಿಳಿಸುತ್ತದೆ, ಹೃದಯದ ಲಯವನ್ನು ತಾನೇ ಪರೀಕ್ಷಿಸುತ್ತದೆ, ಅಗತ್ಯವಿಲ್ಲದವರಿಗೆ ಹೊಡೆತ ಕೊಡುವುದಿಲ್ಲ. ಇಷ್ಟು ಜಾಣ ಯಂತ್ರವು ತನ್ನ ಬ್ಯಾಟರಿಯನ್ನು ಮಾತ್ರ ತಾನೇ ಬದಲಿಸಿಕೊಳ್ಳಲಾರದು.

ಹಳೆಯದಾಗುವ ವಸ್ತುಗಳು ಮುಖ್ಯವಾಗಿ ಎರಡು. ಬ್ಯಾಟರಿಯು ಬಳಸದೆ ಇಟ್ಟರೂ ಸಾಮಾನ್ಯವಾಗಿ ನಾಲ್ಕೈದು ವರ್ಷಗಳಲ್ಲಿ ಮುಗಿಯುತ್ತದೆ. ಎದೆಗೆ ಅಂಟಿಸುವ ಪ್ಯಾಡ್‌ಗಳ ಅವಧಿ ಎರಡರಿಂದ ನಾಲ್ಕೈದು ವರ್ಷ. ದಿನಾಂಕವು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ನೋಡೋಣವೆಂದು ಆ ಪೊಟ್ಟಣವನ್ನು ಒಡೆದರೆ ಒಳಗಿನ ಲೇಪ ಒಣಗಿ ಪ್ಯಾಡ್ ಕೆಡುವುದು. ಯಂತ್ರವು ದಿನಕ್ಕೋ ವಾರಕ್ಕೋ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಹಸಿರು ಗುರುತು ತೋರಿಸುತ್ತದೆ. ಕೆಂಪು ಗುರುತು ಬಂದರೆ ಅಥವಾ ಸದ್ದು ಮಾಡಿದರೆ ಅಂದೇ ಮಾರಾಟಗಾರರಿಗೆ ತಿಳಿಸಬೇಕು. ಆದರೆ ಹಸಿರು ಗುರುತೊಂದನ್ನೇ ನಂಬಿ ಕೂಡುವಂತಿಲ್ಲ. ಅನೇಕ ಮಾದರಿಗಳಲ್ಲಿ ಪ್ಯಾಡಿನ ಅವಧಿ ಮುಗಿದದ್ದು ಆ ಗುರುತಿಗೆ ತಿಳಿಯದು. ದಿನಾಂಕವನ್ನು ಕಣ್ಣಾರೆ ಓದಲೇಬೇಕು. ಇನ್ನೊಂದು ಜೊತೆ ಪ್ಯಾಡ್ ಹೆಚ್ಚುವರಿಯಾಗಿ ಇರಲಿ.

ನಮ್ಮ ಸೀಮೆಯ ಬಿಸಿಲನ್ನೂ ಧೂಳನ್ನೂ ಈ ಯಂತ್ರ ಮಾಡಿದವರು ಕಂಡಿರಲಿಕ್ಕಿಲ್ಲ. ಹೆಚ್ಚಿನ ಯಂತ್ರಗಳನ್ನು 50 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪದಲ್ಲಿ ಇಡಬಹುದೆಂದು ಬರೆದಿರುತ್ತದೆ. ಚೈತ್ರ ವೈಶಾಖಗಳಲ್ಲಿ ತಗಡಿನ ಸೂರಿನ ಕೆಳಗೆ, ಅಥವಾ ಗಜೇಂದ್ರಗಡದ ಗುಡ್ಡಗಳ ಗಾಳಿಯಂತ್ರಗಳ ಬಳಿ ನಿಲ್ಲಿಸಿದ ಜೀಪಿನಲ್ಲಿ, ತಾಪವು ಆ ಮಿತಿಯನ್ನು ದಾಟಬಹುದು. ಗೋಡೆ ದಪ್ಪವಿರುವ, ನೇರ ಬಿಸಿಲು ಬೀಳದ ಸ್ಥಳವೇ ಯೋಗ್ಯ. ಹತ್ತಿಯ ಎಳೆ, ಮಗ್ಗದ ಧೂಳು ಕುಳಿತಿದ್ದರೆ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಮೃದು ಬಟ್ಟೆಯಿಂದ ಒರೆಸಿದರೆ ಸಾಕು. ಒಂದು ಕಡೆ ಆಯುಧಪೂಜೆಯಲ್ಲಿ ಭಕ್ತಿಯಿಂದ ಹಚ್ಚಿದ ವಿಭೂತಿಯು ಹಸಿರು ಗುರುತಿನ ಕಿಂಡಿಯನ್ನೇ ಮುಚ್ಚಿದ್ದನ್ನು ಕಂಡಿದ್ದೇನೆ. ಪೂಜೆ ಆಗಲಿ, ಆದರೆ ಕಿಂಡಿಯನ್ನು ಬಿಟ್ಟು ಆಗಲಿ.

ಕೀಲಿ ಬೇಡ. ಕಳುವಾದೀತೆಂಬ ಭಯವಿದ್ದರೆ ಬಾಗಿಲು ತೆರೆದ ಕೂಡಲೇ ಗಂಟೆ ಬಾರಿಸುವ ಪೆಟ್ಟಿಗೆಯನ್ನು ಕಾವಲುಗಾರರ ಕಣ್ಣಿಗೆ ಬೀಳುವಂತೆ ಗೋಡೆಗೆ ಹಾಕಿಸಬಹುದು. ಕೆಲಸಗಾರನೊಬ್ಬ ಓಡಿ ಹೋಗಿ ತರಲು ಒಟ್ಟು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು.

ಯಂತ್ರವು ಎಲ್ಲರದೂ ಆದರೆ ಯಾರದೂ ಅಲ್ಲದಂತೆ ಆಗುವುದು. ಆದ್ದರಿಂದ ಒಬ್ಬರ ಹೆಸರನ್ನೂ, ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವ ಇನ್ನೊಬ್ಬರ ಹೆಸರನ್ನೂ ಪೆಟ್ಟಿಗೆಯ ಮೇಲೆ ಬರೆದಿಡಬೇಕು. ದಿನವೂ ಬಾಗಿಲು ತೆರೆಯುವಾಗ ಹಸಿರು ಗುರುತಿನ ಮೇಲೊಂದು ದೃಷ್ಟಿ; ತಿಂಗಳಿಗೊಮ್ಮೆ ಪೂರ್ಣ ತಪಾಸಣೆ ಮಾಡಿ ವಹಿಯಲ್ಲಿ ದಿನಾಂಕ, ಸಹಿ. ತಿಂಗಳ ತಪಾಸಣೆಗೆ ನಾನು ಸೂಚಿಸುವ ದಿನ ಅಮಾವಾಸ್ಯೆ. ಅಂಗಡಿ, ಗಿರಣಿಗಳಲ್ಲಿ ಅಂದು ಹೇಗೂ ಪೂಜೆ ಮಾಡಿ ಕಾಯಿ ಒಡೆಯುತ್ತೇವೆ. ಬೇರೆ ನೆನಪೋಲೆ ಬೇಕಾಗುವುದಿಲ್ಲ.

ಪೆಟ್ಟಿಗೆಯಲ್ಲಿ ಯಂತ್ರದೊಡನೆ ಕತ್ತರಿ, ರೇಜರ್, ಒಣ ಟವೆಲ್, ಕೈಗವಸು ಇರಬೇಕು. ಪ್ಯಾಡ್‌ಗಳು ಬರಿಯ, ಒಣಗಿದ ಚರ್ಮಕ್ಕೆ ಮಾತ್ರ ಸರಿಯಾಗಿ ಅಂಟುತ್ತವೆ. ಬೆವರನ್ನು ಒರೆಸಬೇಕು, ಎದೆಗೂದಲು ದಟ್ಟವಾಗಿದ್ದರೆ ತೆಗೆಯಬೇಕು. ಇಲ್ಲಿ ನಮ್ಮ ಭಕ್ತರು ನನ್ನನ್ನು ಮೆಲ್ಲಗೆ ಕೇಳುವ ಒಂದು ಪ್ರಶ್ನೆಯಿದೆ: ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಇದ್ದರೆ? ಅದನ್ನು ತೆಗೆದಿಡಬೇಕಾಗಿಲ್ಲ. ಪ್ಯಾಡ್ ಅಂಟಿಸುವ ಸ್ಥಳದಿಂದ ಭುಜದ ಕಡೆಗೆ ಗೌರವದಿಂದ ಸರಿಸಿದರೆ ಸಾಕು. ಬೆಳ್ಳಿಯ ಮೇಲೆ ಪ್ಯಾಡ್ ಬೀಳಬಾರದು. ತಾಳಿಗೂ ಇದೇ ಮಾತು. ಬಿದ್ದವರು ಹೆಣ್ಣುಮಗಳೆಂದು ಸಂಕೋಚಪಟ್ಟು ನಿಮಿಷ ಕಳೆಯುವುದು ಬೇಡ. ನಾಲ್ಕು ಜನ ಬೆನ್ನು ತಿರುಗಿಸಿ ಸುತ್ತ ನಿಂತರೆ ಮರೆಯಾಗುತ್ತದೆ. ಯಂತ್ರ ಬರುವ ಮೊದಲೇ ಒಬ್ಬರು 108ಕ್ಕೆ ಕರೆ ಮಾಡಿರಲಿ, ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಲಿ.

ಒಮ್ಮೆ ಬಳಸಿದ ಪ್ಯಾಡ್‌ಗಳನ್ನು ಮತ್ತೆ ಬಳಸುವಂತಿಲ್ಲ. ಘಟನೆ ಮುಗಿದ ದಿನವೇ ಹೊಸ ಪ್ಯಾಡ್ ಜೋಡಿಸಿ, ಬ್ಯಾಟರಿ ನೋಡಿ, ಯಂತ್ರವನ್ನು ಮೊದಲಿನ ಸ್ಥಳದಲ್ಲಿಡಬೇಕು.

ಆ ಗಿರಣಿಯ ಯಂತ್ರ ಈಗ ಗೇಟಿನ ಬಳಿಯ ಗೋಡೆಯ ಮೇಲಿದೆ, ಕೀಲಿಯಿಲ್ಲದೆ. ಅಂದು ನನ್ನೊಡನೆ ಎದೆ ಒತ್ತಿದ ಕೂಲಿಕಾರರಲ್ಲಿ ಒಬ್ಬರು ಪ್ರತಿ ಅಮಾವಾಸ್ಯೆಗೆ ಅದರ ವಹಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ದಿನಾಂಕ ಓದಲು ಬಾರದೆಂದು ಅವರು ಶಾಲೆಗೆ ಹೋಗುವ ಮಗಳನ್ನು ಜೊತೆಗೆ ಕರೆದುಕೊಂಡು ಬರುತ್ತಾರೆ.